ಜಗಲಿ ಮೇಲಿನ ಮಾತು

ನನ್ನೂರಾದ ನಾವುಂದದ ಶಾಲೆಗೆ ನಾನು ಮೇಷ್ಟ್ರಾಗಿ ಸೇರಿದ್ದು ೨೦೦೮ರಲ್ಲಿ. ಮೀನುಗಾರರ ಮಕ್ಕಳೂ ಗದ್ದೆಮನೆಯ ಮಕ್ಕಳೂ ಬೇರೆ ಬೇರೆ ಬೆಂಚಿನಲ್ಲಿ ಕೂರುತ್ತಿದ್ದರು. ಅದನ್ನು ತಪ್ಪಿಸಲು ಒಂದು ನಾಟಕ ಆಡಿಸಿದೆ. ಒಬ್ಬರು ಇನ್ನೊಬ್ಬರ ಮನೆಯವರಂತೆ ಮಾತಾಡಬೇಕು. ಗದ್ದೆಮನೆಯ ಪ್ರಖ್ಯಾತ್ ಮೀನು ಮಾರುವವಳಾದ. ಮೀನುಗಾರರ ಅಮಿತಾ ಮನೆಯೊಡತಿಯಾದಳು.

"ಹ್ವಾಯ್ ಬಾಗಿ, ಬುಟ್ಟಿ ಜಗ್ಲಿ ಮೇಲ್ ಇಡ್ಬೇಡ! ಮತ್ತೆ ತೊಳುದ್ ಯಾರ್, ನಿನ್ ಗಂಡನಾ?" ಎಂದು ಸೊಂಟಕ್ಕೆ ಕೈಯಿಟ್ಟು ಗದರಿದಳು.

ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ.

"ಎಲ್ಲ್ ಕಲ್ತೆ ಹೆಣೆ ಇದನ್ನ್?" ಎಂದು ಅಮಿತಾಳನ್ನು ಕೇಳಿದೆ.

"ನಿಮ್ಮನಿ ಜಗ್ಲಿ ಮೇಲ್ ಸರ್. ಬಾಗಿ ನನ್ನಜ್ಜಿ. ನಿಮ್ಮಮ್ಮ ಹಾಂಗೇ ಹೇಳುದ್."

ನಗು ನಿಂತಿತು. ಆ ಮಾತನ್ನು ನಾನು ಚಿಕ್ಕಂದಿನಿಂದ ಕೇಳುತ್ತಿದ್ದೆ. ಒಂದು ದಿನವೂ ಅದು ನನ್ನ ಕಿವಿಗೆ ಚುಚ್ಚಿರಲಿಲ್ಲ. ಅಮಿತಾ ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ಅಮ್ಮ ಹೇಳುವುದು ತಪ್ಪು ಎಂದರೆ ಸಾಕಿತ್ತು.

"ಒಳ್ಳೆ ಆ್ಯಕ್ಟಿಂಗ್. ಕೂಕೊ," ಎಂದೆ.

ಅವಳು ಕೂತಳು. ಪ್ರಖ್ಯಾತ್ ಕೂರಲಿಲ್ಲ.

"ಹಾಂಗಾರೆ ಹಾಂಗ್ ಹೇಳುದ್ ತಪ್ಪಲ್ದಾ ಸರ್?"

ಅವಧಿ ಮುಗಿಯಲು ಇನ್ನೂ ಹತ್ತು ನಿಮಿಷವಿತ್ತು. ನಾನೇ ಹೋಗಿ ಬೆಲ್ ಹೊಡೆದೆ.