ಟಿ ಪಕ್ಕದ ಎಚ್

ನನ್ನ ಹೆಸರು ಸ್ವರ್ಣಲತಾ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಹನ್ನೆರಡು ವರ್ಷದ ಕೆಲಸ ಹೋದದ್ದು ಈ ಹೆಸರಿನಿಂದಲೇ. ಕಾಪುವಿನ ಕಡೆಯವಳು ನಾನು. ಮದುವೆಯಾಗಿ ಮರಾಠಿ ನಾಡಿನ ಡೊಂಬಿವಲಿಗೆ ಬಂದೆ. ಐರೋಲಿಯ ಒಂದು ಶಿಪ್ಪಿಂಗ್ ಆಫೀಸಿನಲ್ಲಿ ಹಡಗಿನ ಸರಕಿನ ಕಾಗದಪತ್ರ ತಯಾರಿಸುವ ಕೆಲಸ. ಒಂದು ದಿನ ಲೋಕಲ್ ಟ್ರೇನಿನಿಂದ ಇಳಿಯುವಾಗ ಹಿಂದಿನವರು ದೂಡಿ ಬಿದ್ದೆ, ಸೊಂಟದ ಡಿಸ್ಕ್ ಸರಿಯಿತು. ಆರು ತಿಂಗಳು ಟ್ರೇನಿನ ಹೆಸರೆತ್ತಬೇಡಿ ಅಂದರು ಡಾಕ್ಟರು.

ಕೆಲಸ ಬಿಡುವುದಾ? ಹೋಗಿ ಮಾರಾಯ್ರೆ! ನಮ್ಮ ವಿಭಾಗದ ಮುಖ್ಯಸ್ಥರು ಮೋಹನದಾಸ ಅಂತ, ಉಡುಪಿಯವರೇ. ಅವರ ಹತ್ತಿರ ಕಾಡಿ ಬೇಡಿ ಒಂದು ವಾರದ ಪರೀಕ್ಷೆಗೆ ಒಪ್ಪಿಸಿದೆ. ಮನೆಯ ಕಂಪ್ಯೂಟರಿನಿಂದ ಆಫೀಸಿನ ನನ್ನ ಕಂಪ್ಯೂಟರಿಗೆ ಸೇರಿಕೊಂಡು ಕೆಲಸ ಮಾಡುವುದು. ಆಗ, 2013ರಲ್ಲಿ, ನಮ್ಮ ಆಫೀಸಿನಲ್ಲಿ ಯಾರೂ ಹಾಗೆ ಮಾಡಿದ್ದಿಲ್ಲ. "ವಾರ ಸರಿಹೋದರೆ ಆರು ತಿಂಗಳೂ ಮನೆಯಿಂದಲೇ ಮಾಡಿ ಸ್ವರ್ಣಕ್ಕ. ಇಲ್ಲದಿದ್ದರೆ ಮುಂದಿನ ಸೋಮವಾರ ಬಂದು ನಿಮ್ಮ ಕುರ್ಚಿಯಲ್ಲಿ ಕೂರಬೇಕು, ಅಥವಾ ಬಿಡಬೇಕು," ಅಂದರು.

ಸೋಮವಾರ ಬೆಳಿಗ್ಗೆ ದೇವರಿಗೆ ದೀಪ ಇಟ್ಟು ಕೂತೆ. ಹೆಸರು ಹೊಡೆದೆ, ಪಾಸ್‌ವರ್ಡ್ ಹೊಡೆದೆ. ನಿಮ್ಮ ಗುರುತು ಸರಿಯಿಲ್ಲ ಅಂತು ಕಂಪ್ಯೂಟರು. ಮತ್ತೊಮ್ಮೆ ಹೊಡೆದೆ. ಮೂರನೇ ಸಲಕ್ಕೆ ಖಾತೆಗೇ ಬೀಗ ಬಿತ್ತು.

ಆಫೀಸಿನ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ ರಿತೇಶ್‌ಗೆ ಫೋನ್ ಮಾಡಿದೆ. ನಮ್ಮೂರ ಕಡೆಯವನೇ, ಆದರೆ ಇಲ್ಲೇ ಪಕ್ಕದ ಠಾಣೆ ಊರಲ್ಲಿ ಹುಟ್ಟಿದವನು. ನಾನು ಕನ್ನಡದಲ್ಲಿ ಕೇಳಿದರೆ ಅವನು ಹಿಂದಿಯಲ್ಲಿ ಉತ್ತರಿಸುತ್ತಾನೆ.

"ಆಂಟಿ, ಕ್ಯಾಪ್ಸ್ ಲಾಕ್ ದೇಖೋ."

"ನೋಡಿದೆ ಮಾರಾಯ, ಆಫ್ ಉಂಟು."

"ಯೂಸರ್ ನೇಮ್ ಕ್ಯಾ ಡಾಲಾ?"

"ಸ್ವರ್ಣಲತಾ."

"ವಹೀ ಹೈ. ಸ್ಪೆಲ್ಲಿಂಗ್ ಬರಾಬರ್ ಹೈ ನಾ?"

ನನಗೆ ಉರಿದುಹೋಯಿತು. "ನಲವತ್ತೆರಡು ವರ್ಷದಿಂದ ಬರೀತಿದ್ದೇನೆ, ನನ್ನ ಹೆಸರು ನನಗೆ ಗೊತ್ತಿಲ್ವಾ? ಸ್ವರ್ಣಲತಾ ಅಂತ ಎಷ್ಟು ಥರ ಬರೀಲಿಕ್ಕೆ ಆಗ್ತದೆ?" ಅಂದೆ.

ಅವನು ಸ್ಪೆಲ್ಲಿಂಗಿನ ಮಾತು ಬಿಟ್ಟ. ಬೀಗ ತೆಗೆದು ಹೊಸ ಪಾಸ್‌ವರ್ಡ್ ಕೊಟ್ಟ. ಅದೂ ಆಗಲಿಲ್ಲ. ಮಂಗಳವಾರ ಇನ್ನೆರಡು ಕೊಟ್ಟ. ನನ್ನ ಮನೆಯ ಬ್ರಾಡ್‌ಬ್ಯಾಂಡ್ ಸರಿಯಿಲ್ಲ ಅಂದ, ಕಂಪ್ಯೂಟರ್ ಬಂದ್ ಮಾಡಿ ಚಾಲೂ ಮಾಡಿ ಅಂದ. ನಾನು ಹತ್ತು ಸಲ ಬಂದ್ ಮಾಡಿದೆ, ಹತ್ತು ಸಲ ಚಾಲೂ ಮಾಡಿದೆ. ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡು ಆ ಮೇಜಿನ ಅಡಿಗೆ ಬಗ್ಗಿ ಬಗ್ಗಿ ನೋವು ಇಮ್ಮಡಿಯಾಯಿತು. ಅತ್ತ ಆಫೀಸಿನ ದಾಖಲೆಯಲ್ಲಿ ಎರಡು ದಿನವೂ ನನ್ನದು ಗೈರುಹಾಜರಿ.

ಬುಧವಾರ ಮಧ್ಯಾಹ್ನ ನನಗೇ ಬುದ್ಧಿ ಬಂತು. "ರಿತೇಶ, ನಿನ್ನ ಎದುರು ಏನು ಉಂಟೋ ಅದನ್ನು ಒಂದೊಂದೇ ಅಕ್ಷರ ಓದು," ಅಂದೆ.

ಓದಿದ. "ಎಲ್, ಎ, ಟಿ, ಎ."

"ಎಚ್ ಎಲ್ಲಿ?"

"ಕೌನ್ಸಾ ಎಚ್?"

ಅಯ್ಯೋ ದೇವರೇ! ನಮ್ಮ ಕಡೆ ಇಂಗ್ಲಿಷಿನಲ್ಲಿ 'ತ' ಬರೆಯಲು ಟಿ ಪಕ್ಕದಲ್ಲಿ ಎಚ್ ಇರಲೇಬೇಕು, ಇಲ್ಲದಿದ್ದರೆ ಅದು 'ಟ' ಆಗಿಬಿಡುತ್ತದೆ. ಇಲ್ಲಿ ಮರಾಠಿಯವರಿಗೆ ಬರೀ ಟಿ ಸಾಕು, ಎಚ್ ಹಾಕಿದರೆ ಅದನ್ನು 'ಥ' ಅಂತ ಓದುತ್ತಾರೆ. ಹೊರಗಿನಿಂದ ಸೇರುವವರಿಗೆ ಬೇರೆ ಪಟ್ಟಿ ಮಾಡುವಾಗ ಈ ಮಹಾಶಯ ತಾನು ಶಾಲೆಯಲ್ಲಿ ಕಲಿತಂತೆ ಬರೆದಿದ್ದ. ಬಾಯಲ್ಲಿ ಇಬ್ಬರೂ ಒಂದೇ ಹೆಸರು ಹೇಳುತ್ತಿದ್ದೆವು, ಬೆರಳಲ್ಲಿ ಬೇರೆ ಬೇರೆ. ಅವನು ಕೇಳಿದಾಗ ನಾನೇ ಅಕ್ಷರ ಬಿಡಿಸಿ ಹೇಳಿದ್ದರೆ ಮೊದಲ ದಿನವೇ ಮುಗಿಯುತ್ತಿತ್ತು. ನನ್ನ ಸಿಟ್ಟು ನನಗೇ ಮುಳುವಾಯಿತು, ಅದನ್ನು ಒಪ್ಪುತ್ತೇನೆ.

ಅವನು ಎಚ್ ಸೇರಿಸಿದ, ಬಾಗಿಲು ತೆರೆಯಿತು. ಗುರುವಾರ ಶುಕ್ರವಾರ ಎದ್ದು ಬಿದ್ದು ಐದು ದಿನದ ಕೆಲಸ ಮುಗಿಸಿದೆ. ಶುಕ್ರವಾರ ಸಂಜೆ ನನ್ನ ದೂರು ಬಗೆಹರಿಯಿತು ಅಂತ ರಿತೇಶ್ ಕಳಿಸಿದ ಇಮೇಲ್ ಬಂತು. ಕಾರಣದ ಜಾಗದಲ್ಲಿ ಬರೆದಿದ್ದ: 'ಬಳಕೆದಾರರು ಪದೇ ಪದೇ ತಪ್ಪು ಪಾಸ್‌ವರ್ಡ್ ಹಾಕಿದ್ದಾರೆ.'

ಫೋನ್ ಮಾಡಿ ಬೈದೆ, ಬಾಯಿ ಸತ್ತವಳಲ್ಲ ನಾನು. ಆಗ ಆ ಹುಡುಗನ ಬಾಯಿಂದ ಮೊದಲ ಸಲ ಕನ್ನಡ ಹೊರಟಿತು. "ಆಂಟಿ, ಬಿಟ್ಟುಬಿಡಿ ಆಂಟಿ. ನನ್ನದು ಕಾಂಟ್ರಾಕ್ಟ್ ಕೆಲಸ. ತಪ್ಪು ನನ್ನದು ಅಂತ ಬರೆದರೆ ತೆಗೆದುಬಿಡ್ತಾರೆ." ಅವನು ಅಳುವುದು ಕೇಳಿಸುತ್ತಿತ್ತು.

ಪಾಪ ಅನಿಸಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೂ ಇದ್ದದ್ದು ಇದ್ದ ಹಾಗೆ ಬರೆದು ಮೋಹನದಾಸರಿಗೆ ಕಳಿಸಿದೆ. ನನ್ನ ಕೆಲಸಕ್ಕೂ ಬೆಲೆ ಉಂಟಲ್ಲ?

ಶನಿವಾರ ಅವರೇ ಫೋನ್ ಮಾಡಿದರು. "ನೋಡಿದೆ ಸ್ವರ್ಣಕ್ಕ. ತಪ್ಪು ಅವನದ್ದೇ, ಗೊತ್ತಾಯಿತು. ಆದರೆ ಅದನ್ನು ಮೇಲೆ ಕಳಿಸಿದರೆ ಹುಡುಗ ಮನೆಗೆ ಹೋಗ್ತಾನೆ. ಮದುವೆ ಆಗಬೇಕಾದವ. ನಿಮಗಾದರೆ ಎಂತ ತೊಂದರೆ? ಮನೆಯಲ್ಲಿ ಗಂಡ ದುಡೀತಾರಲ್ಲ."

"ಅವರು ದುಡಿದರೆ ಅವರ ಪಗಾರ ಸರ್. ನನ್ನದು ನನ್ನ ಕೆಲಸ," ಅಂದೆ.

"ಮೂರು ದಿನ ಗೈರು ಅಂತ ಮೇಲೆ ಹೋಗಿ ಆಯ್ತು. ಪರೀಕ್ಷೆ ಸರಿಹೋಗಲಿಲ್ಲ ಅಂತಲೇ ಇರಲಿ. ಆಗುವುದಾದರೆ ಸೋಮವಾರ ಬನ್ನಿ."

ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ. ಸಂಜೆ ನಮ್ಮವರು ನೌಪಾಡಾದ ಹೋಟೆಲಿನಿಂದ ಬಂದರು, ಅಲ್ಲಿ ಮ್ಯಾನೇಜರು ಅವರು. ಎಲ್ಲ ಹೇಳಿದೆ. ನನ್ನ ಪರವಾಗಿ ಒಂದು ಮಾತು ಬರುತ್ತದೆ ಅಂತ ಕಾದೆ. ಬೂಟು ಬಿಚ್ಚುತ್ತಾ ಅಂದರು, "ಹೋಗಲಿ ಬಿಡು, ಹುಡುಗನ ಕೆಲಸ ಉಳಿಯಿತಲ್ಲ. ನೀನು ಇನ್ನು ಆರಾಮಾಗಿರು."

"ನೀವು ಬಿಟ್ಟು ಆರಾಮಾಗಿರಿ, ನಾನು ದುಡೀತೇನೆ," ಅಂದೆ. ತಮಾಷೆ ಅಂದುಕೊಂಡು ನಕ್ಕರು.

ಸೋಮವಾರ ಹೊರಟೆ. ಹಟ ಅನ್ನಿ, ಹುಚ್ಚು ಅನ್ನಿ. ಡೊಂಬಿವಲಿಯಲ್ಲಿ ಎರಡು ಗಾಡಿ ಬಿಟ್ಟು ಮೂರನೆಯದರ ಹೆಂಗಸರ ಡಬ್ಬಿಗೆ ಹೇಗೋ ಹತ್ತಿದೆ. ಮುಂಬ್ರಾ ದಾಟುವಾಗ ಬಲಗಾಲು ಮರಗಟ್ಟಿತು. ಠಾಣೆಯಲ್ಲಿ ಇಳಿದು ಐರೋಲಿಯ ಗಾಡಿ ಹಿಡಿಯಬೇಕು. ಮೀನಿನ ಬುಟ್ಟಿಯ ಇಬ್ಬರು ಹೆಂಗಸರು ರಟ್ಟೆ ಹಿಡಿದು ಇಳಿಸಿ ಬೆಂಚಿನ ಮೇಲೆ ಕೂರಿಸಿದರು. ಮತ್ತೆ ಏಳಲಿಕ್ಕೆ ಆಗಲಿಲ್ಲ. ಅಲ್ಲಿಂದಲೇ ಮೋಹನದಾಸರಿಗೆ ಫೋನ್ ಮಾಡಿದೆ.

"ಸರ್, ನನ್ನಿಂದ ಬರಲಿಕ್ಕೆ ಆಗುವುದಿಲ್ಲ."

"ಗೊತ್ತಿತ್ತು ಸ್ವರ್ಣಕ್ಕ," ಅಂದರು, ಬಹಳ ಪ್ರೀತಿಯಿಂದ. "ಅದಕ್ಕೇ ನಿನ್ನೆಯೇ ಒಬ್ಬಳು ಹುಡುಗಿಯನ್ನು ನಿಮ್ಮ ಜಾಗಕ್ಕೆ ಗೊತ್ತು ಮಾಡಿದೆ. ಈಗಷ್ಟೇ ಬಂದು ಕೂತಿದ್ದಾಳೆ. ನೀವು ಆರಾಮ ಮಾಡಿ."