ಬಾವಿಗೆ ಕಾಲಿಡಬೇಡ ಅಂದವರು

ಆದವಾನಿಯ ಹತ್ತಿ ಕಾರ್ಖಾನೆಗಳ ಹಿಂದೆ ಒಂದು ಓಣಿ. ಓಣಿಯ ನಡುವೆ ಒಂದು ಮೆಟ್ಟಿಲ ಬಾವಿ. ಅರವತ್ತು ಮನೆಯವರು ಅದರ ನೀರನ್ನೇ ಕುಡಿಯುತ್ತಿದ್ದರು. ಮೆಟ್ಟಿಲಿಳಿದು, ಮೊಣಕಾಲುದ್ದ ನೀರಿನಲ್ಲಿ ನಿಂತು, ಕೊಡ ಅದ್ದಿ ತರುವುದು ಅಲ್ಲಿಯ ರೂಢಿ. ಬೇಸಗೆ ಬಂತೆಂದರೆ ಹತ್ತಾರು ಮನೆಗಳಲ್ಲಿ ಒಬ್ಬೊಬ್ಬರು ನಾರುಹುಣ್ಣಿನಿಂದ ಮಲಗುವುದೂ ರೂಢಿಯೇ ಆಗಿಹೋಗಿತ್ತು.

ಆ ವರ್ಷ ಹುಸೇನಮ್ಮನ ಮನೆಯ ಸರದಿ. ಆಕೆಯ ಗಂಡ ಸುಂಕಪ್ಪ ಕಾರ್ಖಾನೆಯಲ್ಲಿ ಹತ್ತಿ ಅಂಡಿಗೆ ಹೊರುವ ಹಮಾಲಿ, ಗಟ್ಟಿ ಆಳು. ಅಂಥವನ ಮೀನಖಂಡದಲ್ಲಿ ಬೊಬ್ಬೆಯೆದ್ದು ಒಡೆದು, ಬಿಳಿ ದಾರದಂಥ ಹುಳದ ತುದಿ ಹೊರಗೆ ಇಣುಕುತ್ತಿತ್ತು. ಕಾಲೆಲ್ಲ ಬೆಂಕಿ ಹಚ್ಚಿದಂತೆ ಉರಿ. ಒಂದು ಮುಂಜಾನೆ ಹುಸೇನಮ್ಮ ಅವನಿಗೆ ಹೆಗಲು ಕೊಟ್ಟು ಬಾವಿಗೆ ಕರೆತಂದಳು. ಮೇಲಿನ ಮೆಟ್ಟಿಲ ಮೇಲೆ ಜಯಕ್ಕ ಎರಡೂ ಕೈ ಅಡ್ಡ ಚಾಚಿ ನಿಂತಿದ್ದಳು.

ಜಯಕ್ಕ ಕಾರ್ಖಾನೆಯ ಬಾಗಿಲಲ್ಲಿ ಒಗ್ಗಾಣಿ, ಮಿರ್ಚಿ ಮಾರುವವಳು. ಒಂದು ತಿಂಗಳಿಂದ ಆಕೆ, ಬಡಗಿ ಮೂಕಪ್ಪ, ಕಚೇರಿಯಿಂದ ನಿವೃತ್ತರಾದ ಗುಮಾಸ್ತ ಪ್ರಹ್ಲಾದರಾಯರು ಸೇರಿ ಓಣಿ ಗುಡಿಸುವುದು, ಬಾವಿಯ ಪಾಚಿ ತೆಗೆಯುವುದು ಮಾಡುತ್ತಿದ್ದರು. ಸ್ವಯಂಸೇವಕರು ಎಂದು ಹೆಸರಿಟ್ಟುಕೊಂಡಿದ್ದರು. ಓಣಿಯವರು ಮಾತ್ರ "ಕೆಲಸ ಇಲ್ಲದವರು" ಎನ್ನುತ್ತಿದ್ದರು.

"ನಿಲ್ಲು ಹುಸೇನಮ್ಮ! ಆ ಕಾಲು ನೀರಾಗ ಇಡಸಬ್ಯಾಡ."

"ಯಾಕಬೇ? ಉರಿ ತಡ್ಯಾಕ ಆಗವಲ್ದು ಅಂತಾನ. ತಣ್ಣನ್ನ ನೀರಾಗ ಇಟ್ರ ಆರಾಮ ಆಗ್ತೈತಿ."

"ಅವಗ ಆರಾಮ ಆಗ್ತೈತಿ, ಓಣಿಗೆಲ್ಲ ರೋಗ ಹತ್ತತೈತಿ."

"ಬಾವಿ ಏನು ನಿಮ್ಮಪ್ಪ ತೋಡಿಸ್ಯಾನೇನು?"

"ನಮ್ಮಪ್ಪ ತೋಡಿಸಿದ್ರ ಮೆಟ್ಟಿಲಾನ ಇಡಸ್ತಿದ್ದಿಲ್ಲ!"

ನೀರಿಗೆ ಬಂದ ಹೆಂಗಸರೆಲ್ಲ ನಕ್ಕರು. ಅಷ್ಟು ಉರಿಯಲ್ಲೂ ಸುಂಕಪ್ಪನಿಗೆ ನಗು ಬಂತು. ಹುಸೇನಮ್ಮನ ಸಿಟ್ಟು ನೆತ್ತಿಗೇರಿತು. ಗಂಡನನ್ನು ಎಳೆದುಕೊಂಡೇ ಮನೆಗೆ ಹೋದಳು.

"ಪುಕ್ಕಟ ಯಾರು ಕಸಬರಗಿ ಹಿಡಿತಾರ? ಇದರಾಗ ಏನೋ ಮತಲಬ್ ಐತಿ," ಎಂದು ದಿನವೆಲ್ಲ ವಟಗುಟ್ಟಿದಳು. "ಬಾವಿಗೆ ಬೀಗ ಹಾಕಿ ರೊಕ್ಕದ ಪಟ್ಟಿ ಎತ್ತತಾರ, ನೋಡ್ತಿರು."

ಮರುದಿನ ಸುಂಕಪ್ಪನ ನರಳಾಟ ನೋಡಲಾಗಲಿಲ್ಲ. ಅದೊಂದು ಹುಳ ಕಿತ್ತು ಬಿಸಾಕಿದರೆ ಪೀಡೆ ಹೋದೀತು ಎಂದು ಹುಸೇನಮ್ಮ ಅವನ ಕಾಲನ್ನು ತೊಡೆಯ ಮೇಲಿಟ್ಟುಕೊಂಡಳು. ಹುಳದ ತುದಿಯನ್ನು ಬಟ್ಟೆಯಿಂದ ಬಿಗಿಯಾಗಿ ಹಿಡಿದಳು. ಅಷ್ಟರಲ್ಲಿ ಬಾಗಿಲಲ್ಲಿ ಕೂಗು ಕೇಳಿತು.

"ಬಿಡು! ಹುಸೇನಮ್ಮ, ನಿನ್ನ ಕಾಲಿಗೆ ಬೀಳ್ತೀನಿ, ಬಿಡು ಅದನ್ನ!"

ಜಯಕ್ಕ ನೀರು ತುಂಬಿದ ಬಕೀಟು ಹಿಡಿದು ನಿಂತಿದ್ದಳು. ಹಿಂದೆ ಮೂಕಪ್ಪ ಇದ್ದ. ಮೂಕಪ್ಪನದು ಹೆಸರಿಗೆ ತಕ್ಕಂತೆ ಮಾತು ಕಡಿಮೆ. ಅವನು ಧೋತರ ಮೇಲೆತ್ತಿ ತನ್ನ ಕಾಲು ತೋರಿಸಿದ. ಮೊಣಕಾಲಿನ ಕೆಳಗೆ ಮಾಂಸವೇ ಇರಲಿಲ್ಲ. ಒಣಗಿದ ಹುಣಸೆಕಾಯಿಯಂತೆ ಸೊಟ್ಟಗಾಗಿತ್ತು.

"ನಾನೂ ಹಂಗ ಜಗ್ಗಿದ್ದೆ," ಎಂದ. "ನಡುವ ಹರೀತು. ಒಳಗ ಕೀವಾತು. ಮಗಳ ಮದುವಿ ಧಾರಿಗೆ ನನ್ನ ಹೊರಸಿನ ಮ್ಯಾಲ ಹೊತ್ಕೊಂಡು ಹೋದ್ರು."

ಹುಸೇನಮ್ಮನ ಕೈ ತಾನಾಗಿಯೇ ಸಡಿಲಿತು.

ಜಯಕ್ಕ ಸುಂಕಪ್ಪನ ಕಾಲನ್ನು ಬಕೀಟಿನಲ್ಲಿ ಇಳಿಸಿದಳು. ಉರಿ ತಗ್ಗಿದ ಮೇಲೆ ಹೊರಬಂದ ಹುಳದ ತುದಿಯನ್ನು ಒಂದು ತೆಳು ಕಡ್ಡಿಗೆ ಸುತ್ತಿ, ಚೊಕ್ಕ ಬಟ್ಟೆ ಕಟ್ಟಿದಳು. "ದಿನಕ್ಕ ಒಂದು ಸುತ್ತು, ಅಷ್ಟಾ. ಬಿಗಿ ಹತ್ತಿದ್ರ ನಿಲ್ಲಸಬೇಕು. ಈ ನೀರು ಬಾವಿ ಕಡೆ ಒಯ್ಯಬ್ಯಾಡ. ದೂರ ಒಣ ನೆಲದಾಗ ಚೆಲ್ಲು."

ಅಂದಿನಿಂದ ಜಯಕ್ಕ ದಿನಾ ಬಂದಳು. ಐದನೆಯ ದಿನ ಹುಸೇನಮ್ಮ ಕೇಳಿಯೇಬಿಟ್ಟಳು. "ಖರೆ ಹೇಳು ಜಯಕ್ಕ. ಇದರಾಗ ನಿನಗೇನು ಲಾಭ ಐತಿ?"

"ಐತಿ ಮತ್ತ! ಹಮಾಲರೆಲ್ಲ ಮಲಗಿದ್ರ ನನ್ನ ಒಗ್ಗಾಣಿ ಯಾರು ತಿಂತಾರ? ನಿನ್ನ ಗಂಡ ಎದ್ದು ನಿಂತ್ರ ಒಬ್ಬನಾ ಎರಡು ತಟ್ಟಿ ಹೊಡಿತಾನ."

"ಮೂರು," ಎಂದ ಸುಂಕಪ್ಪ ಮೂಲೆಯಿಂದ.

ಹುಸೇನಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಪುಣ್ಯ, ಪರೋಪಕಾರ ಎಂದು ದೊಡ್ಡ ಮಾತಾಡಿದ್ದರೆ ಆಕೆ ನಂಬುತ್ತಿರಲಿಲ್ಲ. ಈ ಮಾತು ನಂಬುವಂತಿತ್ತು. "ಸರಿ ಬಿಡು, ಆ ರಾಯರಿಗೆ ಏನು ಲಾಭ? ಅವರಂತೂ ನಿನ್ನ ಮಿರ್ಚಿ ತಿನ್ನಂಗಿಲ್ಲ."

"ನೀನಾ ಕೇಳು ಬಾ."

ಪ್ರಹ್ಲಾದರಾಯರು ಬಾವಿಕಟ್ಟೆಯ ಮೇಲೆ ಕೊಡೆ ಬಿಚ್ಚಿ ಕೂತಿದ್ದರು. ಪ್ರಶ್ನೆ ಕೇಳಿ ತಲೆ ಕೆರೆದುಕೊಂಡರು. "ಮೂವತ್ತು ವರ್ಷ ಕಚೇರ್ಯಾಗ ಈ ಊರ ಜನರ ಅರ್ಜಿ ಓದೇನಿ ತಾಯಿ. ಒಬ್ಬರ ಮಾರಿ ನೋಡಿದ್ದಿಲ್ಲ. ಈಗ ನೋಡ್ಬೇಕು ಅನಸ್ತು. ಅದೂ ಅಲ್ಲದ, ದಿನಾ ಮನ್ಯಾಗ ಕೂತ್ರ ನಮ್ಮ ಸರಸ್ವತಿಬಾಯಿ ಬೈತಾಳ."

ಆಮೇಲೆ ಅವರು ಒಂದು ಬಿಳಿ ಬಟ್ಟೆ, ಒಂದು ಭೂತಗನ್ನಡಿ ತೆಗೆದರು. "ನಿನ್ನ ಕೊಡದ ನೀರು ಒಂದೀಟು ಸೋಸಿ ನೋಡೋಣೇನು?"

"ನಿಮ್ಮ ಬಟ್ಟಿ ಬ್ಯಾಡ್ರಿ. ಅದರಾಗ ಏನು ಹಚ್ಚೀರೋ. ನನ್ನ ಸೆರಗಿನಾಗ ಸೋಸ್ತೀನಿ."

ಹುಸೇನಮ್ಮ ತನ್ನ ದಪ್ಪ ಇಳಕಲ್ ಸೆರಗನ್ನು ಎರಡು ಮಡಿಕೆ ಮಾಡಿ, ತನ್ನ ಕೊಡದ ನೀರನ್ನೇ ಸೋಸಿದಳು. ಗಾಜು ಹಿಡಿದು ಬಗ್ಗಿದಳು. ಸೆರಗಿನ ಮೇಲೆ ರವೆಕಾಳಿನಷ್ಟೂ ಇಲ್ಲದ ಬಿಳಿ ಚುಕ್ಕಿಗಳು ಪುಟಪುಟ ಹಾರುತ್ತಿದ್ದವು.

"ಅಮ್ಮೋ! ಜೀವ ಐತ್ರಿ ಇದಕ್ಕ!"

"ಇವು ನೀರಚಿಗಟ," ಎಂದರು ರಾಯರು. "ಹುಣ್ಣಿನ ಕಾಲು ನೀರಿಗಿಟ್ಟ ಕೂಡಲೇ ಹುಳ ಸಾವಿರಗಟ್ಟಲೆ ಮರಿ ಬಿಡ್ತೈತಿ. ಆ ಮರೀನ ಈ ಚಿಗಟ ನುಂಗ್ತಾವ. ಚಿಗಟ ಇರೋ ನೀರು ನಾವು ಕುಡಿತೀವಿ. ಆ ಮರಿ ನಮ್ಮ ಮೈಯಾಗ ಒಂದು ವರ್ಷ ಬೆಳದು, ಮುಂದಿನ ಬ್ಯಾಸಗಿಗೆ ನಮ್ಮ ಕಾಲಾಗ ಹೊರಗ ಬರ್ತೈತಿ."

ಹುಸೇನಮ್ಮ ಗಾಜು ಕೆಳಗಿಟ್ಟಳು. "ಹಂಗಾರ ಅವಗ ಇದನ್ನ ಕುಡಿಸಿದಾಕಿ ನಾನಾ," ಎಂದಳು.

"ನಿನಗ ಗೊತ್ತಿದ್ದಿಲ್ಲವ್ವ," ಎಂದಳು ಜಯಕ್ಕ. "ಈಗ ಗೊತ್ತಾತಲ್ಲ."

ಓಣಿಯ ಮನೆಗಳಲ್ಲಿ ಒಂದೊಂದಾಗಿ ನೀರು ಸೋಸತೊಡಗಿದರು. ಇಪ್ಪತ್ತನಾಲ್ಕನೆಯ ದಿನ ಹುಳ ಪೂರ್ತಿ ಹೊರಬಂತು. ಸುಂಕಪ್ಪ ಎದ್ದು ಓಡಾಡಿದ. ಅವನು ಮಾಡಿದ ಮೊದಲ ಕೆಲಸ, ಬಾವಿಯ ಮೆಟ್ಟಿಲು ಮುಚ್ಚಿ ಗೋಡೆ ಕಟ್ಟಲು ಕಲ್ಲು ಹೊತ್ತದ್ದು. ಕಾರ್ಖಾನೆಗೆ ರಜೆ ಇದ್ದ ದಿನ ಅವನ ಜೊತೆಯ ಹಮಾಲರೂ ಬಂದರು. ಮೂಕಪ್ಪ ಗಾಲಿ ಕೆತ್ತಿ ರಾಟೆ ಕೂರಿಸಿದ. ಮುದುಕಿ ಗಿಡ್ಡಮ್ಮ ಮಾತ್ರ "ಮೆಟ್ಟಿಲ ಮುಚ್ಚಿದ್ರ ಗಂಗಮ್ಮ ಸಿಟ್ಟಾಗ್ತಾಳ" ಎಂದು ಅಡ್ಡ ಕೂತಳು. ಹುಸೇನಮ್ಮ ಪಕ್ಕದಲ್ಲಿ ಕೂತು ಕೇಳಿದಳು. "ಗಂಗಮ್ಮನ ಮೈಮ್ಯಾಲ ಹುಣ್ಣಿನ ಕಾಲು ಇಡಾದು ಚಲೋ ಅಂತೀಯೇನಬೇ?" ಗಿಡ್ಡಮ್ಮ ಯೋಚಿಸಿದಳು. ಎದ್ದು, ಮೊದಲ ಕೊಡ ತನಗೇ ಬೇಕೆಂದು ಹಟ ಹಿಡಿದಳು.

ಮುಂದಿನ ಬೇಸಗೆಯಲ್ಲಿ ಓಣಿಯಲ್ಲಿ ಐದು ಜನಕ್ಕೆ ನಾರು ಬಂತು. ಅವರೆಲ್ಲ ಮೊದಲೇ ಆ ನೀರು ಕುಡಿದವರು ಎಂದು ರಾಯರು ತಿಳಿಸಿ ಹೇಳಿದರು. ಯಾರೂ ಎದೆಗುಂದಲಿಲ್ಲ, ಸೋಸುವುದನ್ನು ಬಿಡಲೂ ಇಲ್ಲ. ಅದರ ಮುಂದಿನ ಬೇಸಗೆಯಲ್ಲಿ ರಾಯರೂ ಹುಸೇನಮ್ಮನೂ ಅರವತ್ತು ಬಾಗಿಲು ತಟ್ಟಿದರು.

"ಯಾರಿಗಾರ ನಾರು ಬಂದೈತೇನ್ರಿ?"

"ಇಲ್ರಿ."

"ನಿಮ್ಮಲ್ಲಿ?"

"ನಮ್ಮಲ್ಲೂ ಇಲ್ಲ."

ಅರವತ್ತನೆಯ ಬಾಗಿಲಲ್ಲೂ ಇಲ್ಲ ಎಂದರು. ರಾಯರು ಬೀದಿಯಲ್ಲೇ ನಿಂತು, ಕನ್ನಡಕ ತೆಗೆದು, ಶಲ್ಯದಿಂದ ಕಣ್ಣೊರೆಸಿಕೊಂಡರು. "ಧೂಳು ಭಾಳ," ಎಂದರು. "ಹೌದ್ರಿ, ಭಾಳ," ಎಂದಳು ಹುಸೇನಮ್ಮ. ಆಕೆಯ ಕಣ್ಣಲ್ಲೂ ನೀರಿತ್ತು.

ಅಕ್ಕಂದಿರೇ, ಅಣ್ಣಂದಿರೇ, ಈ ಕಥೆ ಕೇಳಿ ಸುಮ್ಮನೆ ಮಲಗಬೇಡಿರಿ. ಕುಡಿಯುವ ನೀರನ್ನು ಎರಡು ಮಡಿಕೆ ದಪ್ಪ ಬಟ್ಟೆಯಲ್ಲಿ ಸೋಸಿರಿ. ಹುಣ್ಣಿನ ಕಾಲನ್ನು ಬಾವಿಗೆ, ಕೆರೆಗೆ ಇಳಿಸಬೇಡಿರಿ. ಹುಳವನ್ನು ಜಗ್ಗಬೇಡಿರಿ. ನಿಮ್ಮ ಓಣಿಯಲ್ಲೂ ಇಂಥ ಕೆಲಸ ಮಾಡುವವರು ಇದ್ದೇ ಇರುತ್ತಾರೆ. ದೂರ ನಿಂತು ಅನುಮಾನಪಡುವ ಬದಲು ಹತ್ತಿರ ಹೋಗಿ ಅವರ ಹೆಸರು ಕೇಳಿರಿ, ಯಾಕೆ ಮಾಡುತ್ತೀರಿ ಎಂದೂ ಕೇಳಿರಿ. ಉತ್ತರ ಮನಸ್ಸಿಗೆ ಒಪ್ಪಿದರೆ, ಒಂದು ಕಲ್ಲು ನೀವೂ ಎತ್ತಿರಿ.