ಹೊನ್ನಯ್ಯನವರು ಹಾಕದ ಸಹಿ

ಹಲಗೂರಿನ ಹೊನ್ನಯ್ಯನವರು ಯಾವ ಯಂತ್ರವನ್ನು ಮುಟ್ಟುವಾಗಲೂ ಎಡಗೈಯನ್ನು ಕೋಟಿನ ಜೇಬಿನೊಳಗೆ ಇಳಿಬಿಟ್ಟು, ಬಲಗೈಯ ಹಿಂಬದಿಯನ್ನಷ್ಟೇ, ಮಲಗಿದ ಕೂಸಿನ ಜ್ವರ ನೋಡುವವರಂತೆ, ಅದಕ್ಕೆ ತಾಗಿಸುತ್ತಾರೆ. ಎರಡು ಕೈಯಿಂದ ಮುಟ್ಟಿದರೆ ವಿದ್ಯುತ್ತು ಎದೆಯನ್ನು ಹಾದು ಹೋಗುತ್ತದೆ, ಅಂಗೈಯಿಂದ ಮುಟ್ಟಿದರೆ ಬೆರಳುಗಳು ತಾವಾಗಿ ಮಡಚಿಕೊಂಡು ಬಿಡಿಸಲಾಗದಂತೆ ಹಿಡಿಯುತ್ತವೆ ಎಂಬುದು ಅವರ ಕಾರಣ. 1986ರ ಫೆಬ್ರವರಿ 3ರಿಂದ 2022ರ ಮೇ 31ರವರೆಗೆ ವಿದ್ಯುತ್ ಇಲಾಖೆಯಲ್ಲಿ ಕಂಬ ಹತ್ತಿ ಇಳಿದವರು ಅವರು. ನಿವೃತ್ತಿಯ ನಂತರ ಕಂಬಗಳು ದೂರವಾದವು. ಆ ಕ್ರಮ ಮಾತ್ರ ಮನೆಯ ಮಿಕ್ಸಿಗೂ ದೇವರ ಪಟದ ಬಣ್ಣದ ದೀಪಗಳಿಗೂ ಯಥಾವತ್ತಾಗಿ ಸಲ್ಲುತ್ತ ಬಂದಿತು.

ಈ ಭಯಕ್ಕೊಂದು ದಿನಾಂಕವಿದೆ. 1994ರ ಜುಲೈ 4, ಸೋಮವಾರ, ಬೆಳಕವಾಡಿಯ ಹತ್ತಿರ, ಲೈನು ಆಫ್ ಆಗಿದೆಯೆಂಬ ಮಾತನ್ನು ಕೇಳಿ ಕಂಬವೇರಿದ ಅವರ ಜೊತೆಗಾರ ಶಿವರಾಜು ಜೀವಂತವಾಗಿ ಕೆಳಗಿಳಿಯಲಿಲ್ಲ. ಆ ಪ್ರಸಂಗವನ್ನು ಹೊನ್ನಯ್ಯನವರು ವರ್ಣಿಸಿದ್ದನ್ನು ನಾನು ಕೇಳಿಲ್ಲ. ಒಂದೇ ಒಂದು ವಾಕ್ಯವನ್ನು ಮಾತ್ರ ಹಲವು ಸಲ ಕೇಳಿದ್ದೇನೆ: "ಆಫ್ ಆಗೈತೆ ಅಂತ ಯೋಳ್ದೋನು ಇನ್ನೂ ಬದುಕವ್ನೆ, ನಂಬ್ದೋನು ಓದ."

ಇಂಥವರನ್ನು ಹುಡುಕಿಕೊಂಡು, ನಾನು ಪಾಠ ಹೇಳುವ ಊರಿನ ಶಾಲೆಗೆ ಒಂದು ಸುತ್ತೋಲೆ ಬಂದದ್ದು 2024ರ ಸೆಪ್ಟೆಂಬರ್ 23ರಂದು. ಮಂಡ್ಯದಲ್ಲಿ ಅಕ್ಟೋಬರ್ 26ಕ್ಕೆ ಏರ್ಪಾಡಾಗಿದ್ದ ವಿದ್ಯಾರ್ಥಿಗಳ ರೋಬೋಟ್ ಸ್ಪರ್ಧೆಯ ನಿಯಮಗಳು ಆ ವರ್ಷ ಬದಲಾಗಿದ್ದವು. ಯಂತ್ರದ ಬಳಿ ಸುಳಿಯುವವರೆಲ್ಲ ರಕ್ಷಣಾ ಕನ್ನಡಕ ಧರಿಸತಕ್ಕದ್ದು. ಬ್ಯಾಟರಿಯ ಸಂಖ್ಯೆಯನ್ನು ಅಕ್ಟೋಬರ್ 18ರೊಳಗೆ ನೋಂದಾಯಿಸತಕ್ಕದ್ದು. ಸ್ಪರ್ಧೆಯ ಸ್ಥಳದಲ್ಲಿ ಬೇರೆ ಬ್ಯಾಟರಿ ಹಾಕಲು ಹಿಂದಿನ ವರ್ಷಗಳಲ್ಲಿದ್ದ ಅವಕಾಶ ಇನ್ನಿಲ್ಲ. ಬೆಂಕಿ ಹತ್ತಬಹುದಾದ್ದರಿಂದ ಉಬ್ಬಿದ ಅಥವಾ ಜಜ್ಜಿದ ಬ್ಯಾಟರಿಗೆ ಪ್ರವೇಶವಿಲ್ಲ. ವಿದ್ಯುತ್ತಿನ ಕೆಲಸ ಬಲ್ಲ ಹಿರಿಯರೊಬ್ಬರು ಹಿಂದಿನ ದಿನ ಪರೀಕ್ಷಿಸಿ ಸುರಕ್ಷತಾ ಪತ್ರಕ್ಕೆ ಸಹಿ ಹಾಕತಕ್ಕದ್ದು. ಶಾಲೆಯ ವಿಜ್ಞಾನ ಶಿಕ್ಷಕಿ ಶಶಿರೇಖಾ ಮರುದಿನವೇ ಹೊನ್ನಯ್ಯನವರ ಮನೆಯ ಜಗಲಿ ಹತ್ತಿದರು.

ಒಂಬತ್ತನೆಯ ತರಗತಿಯ ರಂಜಿತ ಮತ್ತವಳ ಮೂವರು ಗೆಳತಿಯರು ಕಟ್ಟಿದ, ಬಣ್ಣದ ಪುಟ್ಟ ದಿಮ್ಮಿಗಳನ್ನು ಎತ್ತಿ ಒಂದರ ಮೇಲೊಂದು ಪೇರಿಸುವ ಆ ಯಂತ್ರಕ್ಕೆ 'ಗಿಡ್ಡ' ಎಂದು ಹೆಸರು. ಹೊನ್ನಯ್ಯನವರು ಪ್ರತಿದಿನ ಮಧ್ಯಾಹ್ನ ಮೂರಕ್ಕೆ ಬಂದು, ಗಿಡ್ಡನಿಂದ ಮಾರುದೂರದಲ್ಲಿ ಸುಣ್ಣದ ಗೆರೆಯೆಳೆದು, ಅದರಾಚೆ ನಿಲ್ಲುತ್ತಿದ್ದರು.

"ಜಡೆ ಇಳಿಬುಟ್ಕಂಡು ಚಕ್ರದ ತಾವ ಬಗ್ಗಬ್ಯಾಡ ಕಣವ್ವ. ಬಳೆ ತಗುದು ಮಡಗು."

"ತಾತ, ಇವ್ನು ಮೊಳುದ್ದ ಅವ್ನೆ. ನಿಮ್ ಕರೆಂಟ್ ಕಂಬ ಅಲ್ಲ" ಎಂದು ರಂಜಿತ ನಗುತ್ತಿದ್ದಳು.

"ಮೊಳುದ್ದದ ಆವು ಕಚ್ಚಕಿಲ್ವಾ?"

ಅಕ್ಟೋಬರ್ 11, ಶುಕ್ರವಾರ, ಆಯುಧಪೂಜೆ. ದಸರಾ ರಜೆಯಾದರೂ ಹುಡುಗಿಯರು ಶಾಲೆಗೆ ಬಂದರು. ಟ್ರ್ಯಾಕ್ಟರಿಗೆ ಮಾಡುವಂತೆ ಗಿಡ್ಡನನ್ನು ಅಂಗಳದಲ್ಲಿ ನಿಲ್ಲಿಸಿ, ಚೆಂಡುಹೂವಿನ ಹಾರ ಹಾಕಿ, ಮುಂಭಾಗದಲ್ಲಿಯೇ ಕೂರಿಸಿದ್ದ ಬ್ಯಾಟರಿಗೆ ವಿಭೂತಿ ಬಳಿದು ಕುಂಕುಮವಿಟ್ಟು, ಚಕ್ರಗಳ ಕೆಳಗೆ ನಿಂಬೆಹಣ್ಣು ಇರಿಸಿದರು. ಬೂದುಗುಂಬಳ ಒಡೆಯಲು ಹಿರಿಯರೇ ಆಗಬೇಕಷ್ಟೆ. "ಒಂದೇ ಏಟ್ಗೆ ಒಡೀಬೇಕು ತಾತ, ಇಲ್ದಿದ್ರೆ ಅಪಶಕುನ" ಎಂದು ರಂಜಿತ ಕಾಯಿಯನ್ನು ಕೈಗಿತ್ತಳು. ಮೂವತ್ತಾರು ವರ್ಷ ಇಲಾಖೆಯ ಲಾರಿಯ ಮುಂದೆ ಹೇಗೆ ಒಡೆದಿದ್ದರೋ ಹಾಗೆಯೇ, ತಲೆಯ ಮೇಲೆತ್ತಿ, ಉಸಿರು ಬಿಗಿಹಿಡಿದು, ಹೊನ್ನಯ್ಯನವರು ಅದನ್ನು ಗಿಡ್ಡನ ಮುಂದೆ ಅಪ್ಪಳಿಸಿದರು. ಲಾರಿಗೂ ಮೊಳುದ್ದದ ಯಂತ್ರಕ್ಕೂ ಇರುವ ಅಂತರ ಆ ಕ್ಷಣದಲ್ಲಿ ಅವರಿಗೆ ಹೊಳೆಯಲಿಲ್ಲ. ಹೋಳುಗಳು ಎರಚಾಡಿದವು, ಎಲ್ಲರೂ ಚಪ್ಪಾಳೆ ತಟ್ಟಿದರು. ಪೂಜೆಯ ಕುಂಕುಮವನ್ನು ಒರೆಸಬಾರದೆಂದು, ಗೆದ್ದು ಬರುವವರೆಗೂ ಹಾಗೆಯೇ ಇರಲೆಂದು, ಹುಡುಗಿಯರು ಅದನ್ನು ಮುಟ್ಟಲಿಲ್ಲ.

ಅಕ್ಟೋಬರ್ 25ರ ಅಪರಾಹ್ನ ಪರೀಕ್ಷೆಗೆ ಕುಳಿತ ಹೊನ್ನಯ್ಯನವರು, ನಿಯಮವೆಂದರೆ ನಿಯಮವೆಂದು ಗೊಣಗುತ್ತ, ಒದ್ದೆಬಟ್ಟೆಯಿಂದ ಆ ಲೇಪವನ್ನು ಒರೆಸಿದರು. ಒರೆಸಿದ ಕೈ ನಿಂತಿತು. ಬ್ಯಾಟರಿಯ ಒಂದು ಮೂಲೆ ಜಜ್ಜಿಹೋಗಿತ್ತು. ಅದರ ಸಂದಿನಲ್ಲಿ ಒಣಗಿದ ಕುಂಬಳದ ಬೀಜವೊಂದು ಅಂಟಿಕೊಂಡಿತ್ತು. ಕಳಚಿ ಮೇಜಿನ ಮೇಲಿಟ್ಟು ಬೆರಳಿನಿಂದ ತಳ್ಳಿದರೆ, ಚಪ್ಪಟೆಯಾಗಿರಬೇಕಾದ ಅದು ಮೆಲ್ಲಗೆ ಹೊಯ್ದಾಡಿತು.

ಎದುರಿನ ಬೆಂಚಿನಲ್ಲಿ ಕುಳಿತಿದ್ದ ನನಗೆ ಕಂಡದ್ದು ಅವರ ಹಣೆಯ ಬೆವರು ಮಾತ್ರ. ಆ ಬೀಜವನ್ನು ಉಗುರಿನಿಂದ ಕಿತ್ತೆಸೆದಿದ್ದರೆ ಕಾರಣ ಯಾರಿಗೂ ತಿಳಿಯುತ್ತಿರಲಿಲ್ಲವೆಂದೂ, ಮತ್ತೆ ಕುಂಕುಮ ಬಳಿದಿದ್ದರೆ ಉಬ್ಬೂ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲವೆಂದೂ, ಈ ಎರಡು ಯೋಚನೆಗಳೂ ತಮಗೆ ಬಂದಿದ್ದವೆಂದೂ ಅವರೇ ಆಮೇಲೆ ಹೇಳಿದರು.

"ಸಹಿ ಹಾಕಿ ಹೊನ್ನಯ್ಯನವರೇ, ಐದು ಗಂಟೆಯೊಳಗೆ ಕಳಿಸ್ಬೇಕು" ಎಂದರು ಶಶಿರೇಖಾ.

"ಉಬ್ಬೈತೆ ಮೇಡಮ್."

"ಇಷ್ಟೇ ಇಷ್ಟು! ಬೆಳಿಗ್ಗೆ ತಾನೆ ಓಡಿಸಿದ್ವಲ್ಲ, ಏನೂ ಆಗ್ಲಿಲ್ಲ."

"ಬೆಳಿಗ್ಗೆ ಆಗ್ನಿಲ್ಲ."

ಬೀರುವಿನಲ್ಲಿ ಹೊಸ ಬ್ಯಾಟರಿಯೊಂದಿತ್ತು. ಆದರೆ ಅದು ಬಂದದ್ದು 21ರಂದು, ನೋಂದಣಿ ಮುಗಿದದ್ದು 18ರಂದು. ಶಶಿರೇಖಾ ಆಯೋಜಕರಿಗೆ ಎರಡು ಸಲ ಫೋನು ಮಾಡಿದರು. ನಿಯಮ ಎಲ್ಲರಿಗೂ ಒಂದೇ ಎಂಬ ಉತ್ತರ ಬಂತು. ರಂಜಿತ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದು ನಿಂತಿದ್ದಳು. "ಜಜ್ಜಿದ್ದು ಯಾರು ತಾತ? ನಾವು ಬೀಳ್ಸೇ ಇಲ್ಲ."

"ನೀವಲ್ಲ ಕಣವ್ವ. ನಾನು. ಕುಂಬ್ಳಕಾಯಿ ಒಡುದ್ನಲ್ಲ, ಆವತ್ತು" ಎಂದು ಅವರು ಬೀಜವನ್ನು ತೋರಿಸಿದರು. ಪತ್ರದಲ್ಲಿ ಸಹಿಯ ಜಾಗವನ್ನು ಖಾಲಿ ಬಿಟ್ಟು, ಷರಾ ಎಂಬಲ್ಲಿ ದುಂಡಾದ ಅಕ್ಷರಗಳಲ್ಲಿ ಬರೆದರು: ಬ್ಯಾಟರಿ ಯೋಗ್ಯವಲ್ಲ, ಹಾನಿ ನನ್ನಿಂದಾದದ್ದು, ವಿದ್ಯಾರ್ಥಿನಿಯರದು ತಪ್ಪಿಲ್ಲ.

ಮರುದಿನ ಮಂಡ್ಯದಲ್ಲಿ ಸ್ಪರ್ಧೆ ನಡೆಯುವಾಗ ಆ ಬ್ಯಾಟರಿ ಶಾಲೆಯ ಬಯಲಿನ ನಡುವೆ ಮರಳು ತುಂಬಿದ ಬಕೆಟ್ಟಿನಲ್ಲಿತ್ತು. ಇಪ್ಪತ್ತು ಮಾರು ದೂರದಲ್ಲಿ ಕುರ್ಚಿ ಹಾಕಿಕೊಂಡು ಹೊನ್ನಯ್ಯನವರು ಬೆಳಗಿನಿಂದ ಅದನ್ನೇ ನೋಡುತ್ತ ಕುಳಿತಿದ್ದರು. ಹೊಗೆಯೇಳಲಿಲ್ಲ, ಕಿಡಿ ಹಾರಲಿಲ್ಲ. ನಾಲ್ಕು ಗಂಟೆಯ ಹೊತ್ತಿಗೆ ರಂಜಿತ ಬಂದು ಅವರ ಪಕ್ಕದಲ್ಲಿ ನೆಲದ ಮೇಲೆ ಕುಳಿತಳು.

"ಏನೂ ಆಗ್ನಿಲ್ವಲ್ಲ ತಾತ?"

"ಆಗ್ನಿಲ್ಲ."

"ಅಂಗಾದ್ರೆ ನಾವು ಓಗ್ಬೋದಿತ್ತು."

"ಓಗ್ಬೋದಿತ್ತೇನೊ ಕಣವ್ವ" ಎಂದರು ಅವರು. ಅವಳು ಎದ್ದು ಹೋಗಲಿಲ್ಲ.

ಅನಾಹುತವಾದರೆ ಎಚ್ಚರಿಸಿದವನು ಜ್ಞಾನಿಯೆನಿಸುತ್ತಾನೆ, ಆಗದಿದ್ದರೆ ಅಂಜುಬುರುಕನೆನಿಸುತ್ತಾನೆ. ಹೊನ್ನಯ್ಯನವರಂಥ ಜನ ಈ ಎರಡನೆಯ ಹೆಸರನ್ನೇ ಬಯಸಿ ಬಾಳುವವರು. ತಮ್ಮ ಭಯ ಸುಳ್ಳಾಗಲಿ ಎಂದು ಹಾರೈಸುತ್ತಲೇ ಅದಕ್ಕೆ ವಿಧೇಯರಾಗಿ ನಡೆಯುವವರು. ಆದ ಅವಘಡಗಳ ತಾರೀಖುಗಳನ್ನು ನಾವೆಲ್ಲ ನೆನಪಿಡುತ್ತೇವೆ. ಆಗದೆ ಉಳಿದವುಗಳಿಗೆ ತಾರೀಖಿಲ್ಲ, ಸಾಕ್ಷಿಯೂ ಇಲ್ಲ. ಅವುಗಳ ಪಾಲಿನ ನಿಂದೆಯನ್ನು ಹೊತ್ತುಕೊಂಡು ಹೀಗೆ ಯಾರೋ ಒಬ್ಬರು ಬಿಸಿಲಿನಲ್ಲಿ ಕುಳಿತಿರುತ್ತಾರೆ, ಅಷ್ಟೆ.